ಮೇಪಲ್ ಮರದ ರಸಕ್ಕೆ ಕೊಳವೆಯ ದಾರಿ

ಸಕ್ಕರೆ ಎಂದೊಡನೆ ನಮಗೆ ಕಬ್ಬು ನೆನಪಾಗುತ್ತದೆ. ಕಬ್ಬೆಂದೊಡನೆ ಆಲೆಮನೆ, ಗಾಣ, ಕೊಪ್ಪರಿಗೆ. ಮರದಿಂದಲೂ ಸಿಹಿ ಇಳಿಯುವುದೆಂಬುದು ನಮ್ಮ ನಾಡಿಗೆ ಹೊಸ ಸಂಗತಿಯೇನೂ ಅಲ್ಲ. ಈಚಲು, ತಾಳೆ, ತೆಂಗು, ಬಗನಿ ಇವೆಲ್ಲ ನಮಗೆ ಪರಿಚಿತ. ಆದರೆ ಇವು ಬೆಚ್ಚನೆಯ ನಾಡಿನ ಮರಗಳು. ಮೊಣಕಾಲುದ್ದ ಹಿಮ ಬಿದ್ದಿರುವಾಗ, ಕೊಂಬೆಯಲ್ಲಿ ಹೆಸರಿಗೆ ಒಂದು ಎಲೆಯೂ ಇಲ್ಲದೆ ಬೋಳಾಗಿ ನಿಂತ ಮರದ ಕಾಂಡದಿಂದ ಸಿಹಿನೀರು ತೊಟ್ಟಿಕ್ಕುತ್ತದೆ ಎಂದರೆ ನೀವು ನಂಬುವಿರಾ? ಅಮೆರಿಕದ ಈಶಾನ್ಯ ರಾಜ್ಯಗಳಲ್ಲೂ ಕೆನಡಾದ ಪೂರ್ವಭಾಗದಲ್ಲೂ ಬೆಳೆಯುವ ಮೇಪಲ್ ಮರದ ಗುಣ ಅದು. ಈ ರಸವನ್ನು ಕಾಯಿಸಿ ಬತ್ತಿಸಿದರೆ ಹೊಂಬಣ್ಣದ ಪಾಕ ಸಿದ್ಧವಾಗುತ್ತದೆ. ಲೋಕದಲ್ಲಿ ಮಾರಾಟವಾಗುವ ಮೇಪಲ್ ಪಾಕದಲ್ಲಿ ಬಹುಭಾಗ ಕೆನಡಾದ ಕ್ವಿಬೆಕ್ ಪ್ರಾಂತದ್ದು. ಅಮೆರಿಕದ ರಾಜ್ಯಗಳಲ್ಲಿ ಮೊದಲ ಸ್ಥಾನ ವರ್ಮಾಂಟ್ ಎಂಬ ಪುಟ್ಟ ಗುಡ್ಡಗಾಡು ರಾಜ್ಯಕ್ಕೆ.

ಪಾಕದ ರುಚಿಯನ್ನು ಕುರಿತು ಹೇಳುವುದು ಈ ಲೇಖನದ ಉದ್ದೇಶವಲ್ಲ. ಗುಡ್ಡದ ಮೇಲೆ ಚದುರಿ ನಿಂತ ಸಾವಿರಾರು ಮರಗಳ ತೊಟ್ಟು ತೊಟ್ಟು ರಸವು ಯಂತ್ರದ ನೆರವಿಲ್ಲದೆ ಗುಡ್ಡದ ತಪ್ಪಲಿಗೆ ತಾನಾಗಿಯೇ ಬಂದು ಸೇರುವಂತೆ ಅಲ್ಲಿಯ ರೈತರು ಮಾಡಿಕೊಂಡಿರುವ ಏರ್ಪಾಡನ್ನು ನಿಮ್ಮ ಮುಂದಿಡಬೇಕೆಂಬುದು ನನ್ನ ಆಸೆ. ನೋಡಲು ಇದು ಬಲು ಸರಳ. ಕೊಳವೆ, ತಂತಿ, ಇಳಿಜಾರು, ಇಷ್ಟೆ. ಆದರೆ ಕೊಳವೆ ಎಲ್ಲಿ ಒಂದು ಗೇಣು ಜೋತುಬಿತ್ತು, ಎಲ್ಲಿ ಸೂಜಿಮೊನೆಯಷ್ಟು ತೂತಾಯಿತು ಎಂಬುದರ ಮೇಲೆ ಒಂದು ಮನೆಯ ಇಡೀ ವರ್ಷದ ಫಸಲು ನಿಂತಿರುತ್ತದೆ.

ರಸ ಹರಿಯುವುದೇಕೆ?

ಮೊದಲು ಮರದ ವಿಚಾರ. ರಸ ಹರಿಯುವ ಕಾಲ ವರ್ಷಕ್ಕೆ ನಾಲ್ಕರಿಂದ ಆರು ವಾರ ಮಾತ್ರ. ಸಾಮಾನ್ಯವಾಗಿ ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ, ಚಳಿಗಾಲ ಹಿಂದೆಗೆಯುವ ಹೊತ್ತು ಅದು. ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಚಳಿ ಇರಬೇಕು. ಹಗಲು ಹಿಮ ಕರಗುವಷ್ಟು ಬಿಸಿಲು ಬರಬೇಕು. ಬರಿಯ ಚಳಿಯಿದ್ದರೂ ರಸವಿಲ್ಲ, ಬರಿಯ ಸೆಕೆಯಿದ್ದರೂ ರಸವಿಲ್ಲ.

ಇದಕ್ಕೆ ಕಾರಣ ಮೇಪಲ್ ಮರದ ಒಳರಚನೆ. ಅದರ ದಾರುವಿನಲ್ಲಿ ರಸ ಹರಿಯುವ ನಾಳಗಳ ಸುತ್ತ ಗಾಳಿ ತುಂಬಿದ ಸಣ್ಣ ನಾರುಗಳಿವೆ. ರಾತ್ರಿ ಚಳಿಯೇರಿದಂತೆ ರಸವು ಆ ನಾರುಗಳೊಳಕ್ಕೆ ಸರಿದು ಮಂಜುಗಟ್ಟುತ್ತದೆ. ಒಳಗಿದ್ದ ಗಾಳಿ ಅಮುಕಿಹೋಗುತ್ತದೆ. ಇದರಿಂದ ಮರದಲ್ಲಿ ಎಳೆತ ಹುಟ್ಟಿ, ಬೇರು ನೆಲದ ನೀರನ್ನು ಮೇಲಕ್ಕೆ ಹೀರಿಕೊಳ್ಳುತ್ತದೆ. ಬೆಳಗಾಗಿ ಬಿಸಿಲು ಬಿದ್ದು ಮಂಜು ಕರಗಿದೊಡನೆ, ಅಮುಕಿದ್ದ ಗಾಳಿ ಹಿಗ್ಗಿ ರಸವನ್ನು ಒತ್ತುತ್ತದೆ. ರಸದಲ್ಲಿ ಕರಗಿದ ಸಕ್ಕರೆಯೂ ಈ ಒತ್ತಡವನ್ನು ಹೆಚ್ಚಿಸುತ್ತದೆ. ಆಗ ಮರದಲ್ಲಿ ಒಂದು ತೂತಿದ್ದರೆ ಸಾಕು, ರಸ ಆ ದಾರಿಯಿಂದ ಹೊರಕ್ಕೆ ಬರುತ್ತದೆ. ಎಂದರೆ ಮರವೇ ಒಂದು ಪಂಪು. ಅದನ್ನು ನಡೆಸುವ ಶಕ್ತಿ ರಾತ್ರಿಯ ಚಳಿ ಮತ್ತು ಹಗಲಿನ ಬಿಸಿಲಿನದು.

ಹೊತ್ತು ತರುವ ಕಷ್ಟ

ಮೇಪಲ್ ರಸ ನೋಡುವುದಕ್ಕೆ ನೀರೇ. ನೂರು ಪಾಲಿನಲ್ಲಿ ಸಕ್ಕರೆ ಎರಡು ಪಾಲಿನಷ್ಟು ಮಾತ್ರ. ಪಾಕದಲ್ಲಾದರೋ ಸಕ್ಕರೆ ನೂರಕ್ಕೆ 66ಕ್ಕೂ ಮೇಲೆ ಇರಬೇಕು. ಈ ಲೆಕ್ಕಕ್ಕೆ ವರ್ಮಾಂಟಿನ ಸಿ. ಎಚ್. ಜೋನ್ಸ್ ಎಂಬ ವಿಜ್ಞಾನಿ ಒಂದು ಸುಲಭ ಸೂತ್ರ ಕೊಟ್ಟಿದ್ದಾನೆ: ರಸದ ಸಕ್ಕರೆಯ ಶೇಕಡಾ ಅಂಶದಿಂದ 86ನ್ನು ಭಾಗಿಸಿದರೆ, ಒಂದು ಅಳತೆ ಪಾಕಕ್ಕೆ ಎಷ್ಟು ಅಳತೆ ರಸ ಬೇಕೆಂಬುದು ತಿಳಿಯುತ್ತದೆ. ಸಕ್ಕರೆ ಶೇಕಡಾ 2 ಇದ್ದರೆ 43 ಲೀಟರು ರಸಕ್ಕೆ ಒಂದು ಲೀಟರು ಪಾಕ. ಉಳಿದ 42 ಲೀಟರು ಆವಿಯಾಗಿ ಹೋಗತಕ್ಕದ್ದೇ.

ಹಳೆಯ ಕ್ರಮದಲ್ಲಿ ಒಂದು ತೂತಿಗೆ ಒಂದು ಬಕೀಟು ತೂಗುಹಾಕುತ್ತಿದ್ದರು. ಇಡೀ ಋತುವಿನಲ್ಲಿ ಒಂದು ತೂತಿನಿಂದ ಸುಮಾರು 40 ಲೀಟರು ರಸ ಸಿಕ್ಕುತ್ತಿತ್ತು. ಐನೂರು ಬಕೀಟುಗಳ ಸಣ್ಣ ಸಂಸಾರಸ್ಥನ ಲೆಕ್ಕ ಹಾಕಿ ನೋಡಿ: 20,000 ಲೀಟರು; ತೂಕದಲ್ಲಿ ಇಪ್ಪತ್ತು ಟನ್ನು. ಅಷ್ಟನ್ನೂ ಹಿಮದಲ್ಲಿ ಕಾಲು ಹೂತುಕೊಂಡು, ಮರದಿಂದ ಮರಕ್ಕೆ ನಡೆದು, ಬಕೀಟು ಇಳಿಸಿ, ಕುದುರೆ ಎಳೆಯುವ ಜಾರುಬಂಡಿಯ ತೊಟ್ಟಿಗೆ ಸುರಿದು ತರಬೇಕಾಗಿತ್ತು. ಜೊತೆಗೆ ತಡಮಾಡುವಂತಿಲ್ಲ. ನಮ್ಮ ನೀರಾ ಬಿಸಿಲೇರಿದಂತೆ ಹುಳಿಯಾಗುವ ಹಾಗೆಯೇ, ಬಕೀಟಿನಲ್ಲಿ ನಿಂತ ಮೇಪಲ್ ರಸವೂ ಕೆಡುತ್ತದೆ. ಕೆಟ್ಟ ರಸದ ಪಾಕ ಕಪ್ಪಾಗುತ್ತದೆ, ರುಚಿಗೆಡುತ್ತದೆ, ಬೆಲೆಯೂ ಇಳಿಯುತ್ತದೆ.

ಬಿಳಿಯರು ಆ ನಾಡಿಗೆ ಬರುವ ಬಹುಕಾಲ ಮೊದಲೇ ಅಬೆನಾಕಿ, ಅನಿಶಿನಾಬೆ ಮೊದಲಾದ ಮೂಲನಿವಾಸಿಗಳು ಮೇಪಲ್ ರಸವನ್ನು ಸಂಗ್ರಹಿಸಿ ಸಕ್ಕರೆ ಮಾಡುತ್ತಿದ್ದರು. ಅವರ ಪಾತ್ರೆ ಭೂರ್ಜ ಮರದ ತೊಗಟೆಯದು. ಮುಂದೆ ಮರದ ಬಕೀಟು ಬಂತು, ಆಮೇಲೆ ತಗಡಿನದು. ಆದರೆ ಪಾತ್ರೆ ಬದಲಾಯಿತೇ ಹೊರತು ಹೊರುವುದು ತಪ್ಪಲಿಲ್ಲ.

ಕೊಳವೆ ಬಂದ ಬಗೆ

ರಸವನ್ನು ಹೊರುವುದರ ಬದಲು ಹರಿಸಬಾರದೇಕೆ ಎಂಬ ಯೋಚನೆ ಹಳೆಯದು. ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ನ್ಯೂಯಾರ್ಕ್ ರಾಜ್ಯದಲ್ಲಿ ಬ್ರೋವರ್ ಎಂಬಾತ ಲೋಹದ ಕೊಳವೆಗಳನ್ನು ಮರದಿಂದ ಮರಕ್ಕೆ ಜೋಡಿಸಿದ್ದ. ಆದರೆ ಲೋಹದ ಕೊಳವೆ ಬಾಗದು. ಮರ ಗಾಳಿಗೆ ತೂಗಿದರೆ ಅದರ ಜೋಡಣೆ ನಿಲ್ಲದು. ಪ್ಲಾಸ್ಟಿಕ್ಕಿನ ಕೊಳವೆ ಬಂದ ಮೇಲೆಯೇ ಈ ಕನಸು ಕೈಗೂಡಿದ್ದು. 1950ರ ದಶಕದಲ್ಲಿ ನೆಲ್ಸನ್ ಗ್ರಿಗ್ಸ್, ಜಾರ್ಜ್ ಬ್ರೀನ್, ರಾಬರ್ಟ್ ಲ್ಯಾಂಬ್ ಎಂಬ ಮೂವರು ಬೇರೆ ಬೇರೆಯಾಗಿ ಇದರಲ್ಲಿ ತೊಡಗಿದರು. ಗ್ರಿಗ್ಸನಿಗೆ 1959ರಲ್ಲಿ ಹಕ್ಕುಪತ್ರವೂ ದೊರೆಯಿತು.

ಆಗ ಒಂದು ವಿವಾದವೆದ್ದಿತು. ಕೊಳವೆಯೊಳಗೆ ರಸ ಸಲೀಸಾಗಿ ಹರಿಯಬೇಕಾದರೆ ಪ್ರತಿ ಮರದ ಬಳಿ ಗಾಳಿಯಾಡಲು ಒಂದು ಕಂಡಿ ಇರಬೇಕೆಂದು ಕೆಲವರು ವಾದಿಸಿದರು. ಡಬ್ಬದಿಂದ ಎಣ್ಣೆ ಸುರಿಯುವಾಗ ಇನ್ನೊಂದು ಮಗ್ಗುಲಿಗೂ ತೂತು ಮಾಡುತ್ತೇವಲ್ಲ, ಹಾಗೆ. ಅಮೆರಿಕದ ಅರಣ್ಯ ಸೇವೆಯ ಬಾರ್ಟನ್ ಬ್ಲಮ್ ಎಂಬಾತ ಕಂಡಿಯಿದ್ದ ಕೊಳವೆಯನ್ನೂ ಕಂಡಿಯಿಲ್ಲದ ಕೊಳವೆಯನ್ನೂ ಹೋಲಿಸಿ ನೋಡಿ 1967ರಲ್ಲಿ ಫಲಿತಾಂಶ ಪ್ರಕಟಿಸಿದ. ಹೆಚ್ಚು ರಸ ಕೊಟ್ಟದ್ದು ಕಂಡಿಯಿಲ್ಲದ್ದು. ಇದೇಕೆ ಹೀಗೆ ಎಂಬುದರಲ್ಲೇ ಈ ಇಡೀ ವಿದ್ಯೆಯ ಗುಟ್ಟು ಅಡಗಿದೆ. ಅದನ್ನು ಮನೆಯಲ್ಲೇ ಪರೀಕ್ಷಿಸಿ ನೋಡಬಹುದು.

ಒಂದು ಸಣ್ಣ ಪರೀಕ್ಷೆ

ಒಂದು ಗಜ ಉದ್ದದ, ಕಿರುಬೆರಳಿಗಿಂತ ಸಣ್ಣಗಿನ ಪಾರದರ್ಶಕ ಕೊಳವೆಯನ್ನು ತೆಗೆದುಕೊಳ್ಳಿ. ಬಕೀಟಿನಲ್ಲಿ ಮುಳುಗಿಸಿ ಅದರ ತುಂಬ ನೀರು ತುಂಬಿಕೊಳ್ಳಲಿ. ಒಂದು ತುದಿಯನ್ನು ಬೆರಳಿನಿಂದ ಭದ್ರವಾಗಿ ಮುಚ್ಚಿ ಮೇಲಕ್ಕೆತ್ತಿ. ಇನ್ನೊಂದು ತುದಿ ಕೆಳಗೆ ಬಾಯಿ ತೆರೆದು ತೂಗಲಿ. ನೀರು ಕೆಳಗೆ ಬೀಳದು. ಬದಲಿಗೆ ನಿಮ್ಮ ಬೆರಳನ್ನು ಯಾರೋ ಒಳಗಿನಿಂದ ಹೀರಿದಂತೆ ಅನಿಸುತ್ತದೆ. ಕೆಳಗೆ ಜಾರಲು ತವಕಿಸುವ ನೀರಿನ ಕಂಬವೇ ಬೆರಳನ್ನು ಎಳೆಯುತ್ತಿರುವುದು. ಕಂಬ ಉದ್ದವಾದಷ್ಟೂ ಎಳೆತ ಹೆಚ್ಚು. ಬೆರಳನ್ನು ಕೊಂಚ ಸರಿಸಿದಿರೋ, ಸುಯ್ಯೆಂದು ಗಾಳಿ ನುಗ್ಗಿ ಕ್ಷಣದಲ್ಲಿ ಕಂಬ ಬಿದ್ದುಹೋಗುತ್ತದೆ. ಇದನ್ನೇ ತೋಟಕ್ಕೆ ನೀರು ಹಾಯಿಸುವ ದಪ್ಪ ಕೊಳವೆಯಲ್ಲಿ ಮಾಡಿ ನೋಡಿ. ಮೇಲಿನ ತುದಿಯನ್ನು ಅಂಗೈಯಿಂದ ಮುಚ್ಚಿದ್ದರೂ, ಕೆಳಗಿನಿಂದ ಗಾಳಿ ಗುಳ್ಳೆಗುಳ್ಳೆಯಾಗಿ ಏರಿ ನೀರು ಸುರಿದುಹೋಗುತ್ತದೆ.

ಇನ್ನು ನಿಮ್ಮ ಬೆರಳಿನ ಜಾಗದಲ್ಲಿ ಮೇಪಲ್ ಮರವಿದೆಯೆಂದು ಭಾವಿಸಿ. ಸಣ್ಣ ಕೊಳವೆಯ ತುಂಬ ರಸ ತುಂಬಿ ಗುಡ್ಡದ ಇಳಿಜಾರಿನಲ್ಲಿ ಇಳಿಯುತ್ತಿದ್ದರೆ, ಅದು ಮೇಲಿನ ಮರದ ತೂತನ್ನು ಹೀರುತ್ತ ಇಳಿಯುತ್ತದೆ. ಗಾಳಿಕಂಡಿ ಇಟ್ಟರೆ ಬೆರಳು ಸರಿಸಿದಂತೆಯೇ ಸರಿ, ಎಳೆತ ಮಾಯವಾಗುತ್ತದೆ. ಬ್ಲಮ್ ಕಂಡ ಫಲಿತಾಂಶಕ್ಕೆ ಇದೇ ಕಾರಣ.

ವಾಡಿಕೆಯಲ್ಲಿದ್ದ ಕೊಳವೆಯ ಒಳಗಿನ ಅಗಲ ಅಂಗುಲದ ಹದಿನಾರರಲ್ಲಿ ಐದು ಪಾಲು, ಎಂದರೆ ಸುಮಾರು 8 ಮಿಲಿಮೀಟರು. ಇದರಲ್ಲಿ ರಸ ಅಡಿಯಲ್ಲಿ ಹರಿದರೆ ಗಾಳಿ ಮೇಲ್ಗಡೆ ಉಳಿಯುತ್ತದೆ; ಕಂಬ ಕಟ್ಟುವುದು ಕಷ್ಟ. ವರ್ಮಾಂಟ್ ವಿಶ್ವವಿದ್ಯಾನಿಲಯದ ತಿಮೊತಿ ವಿಲ್ಮಟ್ ಎಂಬಾತ 2010ರ ನಂತರದ ವರ್ಷಗಳಲ್ಲಿ ಹದಿನಾರರಲ್ಲಿ ಮೂರು ಅಂಗುಲದ, ಎಂದರೆ 5 ಮಿಲಿಮೀಟರಿಗೂ ತುಸು ಕಡಮೆ ಅಗಲದ ಕೊಳವೆಯನ್ನು ಪ್ರಯೋಗಿಸಿ ನೋಡಿದ. ಅದರಲ್ಲಿ ರಸವೂ ಗುಳ್ಳೆಯೂ ಒಂದರ ಹಿಂದೊಂದು ಸಾಲಾಗಿ ಇಳಿಯುತ್ತವೆ, ಒಂದನ್ನೊಂದು ದಾಟುವುದಿಲ್ಲ. ಹೀಗಾಗಿ ಕಂಬ ಮುರಿಯದೆ ನಿಲ್ಲುತ್ತದೆ. ಒಂದು ಅಡಿ ಇಳಿತಕ್ಕೆ ಸುಮಾರು 0.9 ಅಂಗುಲ ಪಾದರಸದಷ್ಟು ಎಳೆತ. ಮೂವತ್ತು ಅಡಿ ಇಳಿತವಿದ್ದರೆ ಸುಮಾರು 26 ಅಂಗುಲ. ಸಮುದ್ರಮಟ್ಟದಲ್ಲಿ ವಾಯುಭಾರವೇ ಸುಮಾರು 30 ಅಂಗುಲ ಪಾದರಸ. ಆದುದರಿಂದ ಸುಮಾರು 34 ಅಡಿ ಇಳಿತವಾದ ಮೇಲೆ ಇನ್ನೆಷ್ಟು ಇಳಿಸಿದರೂ ಎಳೆತ ಹೆಚ್ಚದು. ವಿದ್ಯುತ್ತಿಲ್ಲದ, ಪಂಪು ಕೊಳ್ಳಲಾರದ ಸಣ್ಣ ರೈತನಿಗೆ ಇದೊಂದು ದೊಡ್ಡ ವರವಾಯಿತು. ಎಳೆತ ಬಲವಾದಾಗ ಒಂದು ತೂತಿನ ರಸ ಬಕೀಟಿನ ಕಾಲಕ್ಕಿಂತ ಎರಡರಷ್ಟಾಗುವುದುಂಟು.

ತೋಪಿನಲ್ಲಿ ಕೊಳವೆ ಹೂಡುವ ಕ್ರಮ

ಈಗ ಈ ಏರ್ಪಾಡನ್ನು ಹೇಗೆ ಹೂಡುತ್ತಾರೆ ನೋಡೋಣ. ಕೆಲಸಕ್ಕೆ ತಕ್ಕ ಕಾಲ ಶರತ್ತು, ಎಲೆ ಉದುರಿ ಹಿಮ ಬೀಳುವುದಕ್ಕೆ ಮುಂಚೆ. ಆಗ ಮರಗಳ ನಡುವೆ ದೂರದವರೆಗೆ ದೃಷ್ಟಿ ಹಾಯುತ್ತದೆ, ನೆಲದ ಏರಿಳಿತ ಕಾಣುತ್ತದೆ. ಮೊದಲು ತೊಟ್ಟಿಯ ಜಾಗ ಗೊತ್ತುಮಾಡಬೇಕು. ಅದು ತೋಪಿನ ಎಲ್ಲ ಮರಗಳಿಗಿಂತ ತಗ್ಗಿನಲ್ಲಿರಬೇಕು. ಬಂಡಿ ಬರುವ ದಾರಿಗೆ ಹತ್ತಿರವಿರಬೇಕು. ಬಿಸಿಲು ನೇರವಾಗಿ ಬೀಳದ ನೆರಳಿರಬೇಕು.

ಅಲ್ಲಿಂದ ಗುಡ್ಡದ ಮೇಲಕ್ಕೆ ಮುಖ್ಯ ಕೊಳವೆಯ ದಾರಿಯನ್ನು ಗುರುತುಹಾಕುತ್ತಾರೆ. ನಮ್ಮಲ್ಲಿ ಗಾರೆ ಕೆಲಸದವರು ಬಚ್ಚಲಿನ ನೆಲಕ್ಕೆ 'ವಾಟ' ಕೊಡುತ್ತಾರಲ್ಲ, ಅದೇ ಇಲ್ಲಿಯೂ ಮುಖ್ಯ. ನೂರು ಅಡಿ ದೂರಕ್ಕೆ ಎರಡು ಅಡಿಯಾದರೂ ಇಳಿತ ಬೇಕು. ಕಣ್ಣಳತೆಯನ್ನು ನಂಬುವಂತಿಲ್ಲ, ಗುಡ್ಡದಲ್ಲಿ ಕಣ್ಣು ಮೋಸ ಹೋಗುತ್ತದೆ, ಏರನ್ನು ಇಳಿಜಾರೆಂದು ತೋರಿಸುತ್ತದೆ. ಆದುದರಿಂದ ರಸಮಟ್ಟವುಳ್ಳ ಕೈದುರ್ಬೀನಿನಿಂದ ನೋಡುತ್ತ, ಮರದಿಂದ ಮರಕ್ಕೆ ಬಣ್ಣದ ಪಟ್ಟಿ ಕಟ್ಟುತ್ತ ಹೋಗುತ್ತಾರೆ.

ಆ ಗುರುತಿನ ಮೇಲೆ ಮೊದಲು ಉಕ್ಕಿನ ತಂತಿ ಎಳೆದು ಬಿಗಿಯುತ್ತಾರೆ. ತಂತಿ ತೊಗಟೆಯನ್ನು ಕೊರೆಯದಂತೆ ನಡುವೆ ಮರದ ಚೂರನ್ನು ಇಡುವುದುಂಟು. ತಂತಿಗೆ ಮುಕ್ಕಾಲು ಅಥವಾ ಒಂದು ಅಂಗುಲದ ಪ್ಲಾಸ್ಟಿಕ್ ಕೊಳವೆಯನ್ನು ಅಡಿಗೊಂದು ಕಟ್ಟಿನಂತೆ ಬಿಗಿಯಬೇಕು. ರಸ ತುಂಬಿದ ಕೊಳವೆ ಭಾರ. ಕಟ್ಟು ವಿರಳವಾದರೆ ಎರಡು ಕಟ್ಟುಗಳ ನಡುವೆ ಅದು ತೊಟ್ಟಿಲಿನಂತೆ ಜೋಲುತ್ತದೆ. ಜೋಲಿದ ಕಡೆ ರಸ ನಿಲ್ಲುತ್ತದೆ. ನಿಂತ ರಸ ಹಗಲು ಬೆಚ್ಚಗಾಗಿ ಕೆಡುತ್ತದೆ; ರಾತ್ರಿ ಹೆಪ್ಪುಗಟ್ಟಿ, ಬೆಳಗ್ಗೆ ಮೇಲಿನ ಮರಗಳೆಲ್ಲ ಹರಿಯಲು ಸಿದ್ಧವಾದಾಗ ದಾರಿಗೆ ಅಡ್ಡ ಬಿರಡೆಯಂತೆ ಕುಳಿತಿರುತ್ತದೆ.

ಮುಖ್ಯ ಕೊಳವೆಗೆ ಎರಡೂ ಕಡೆಯಿಂದ ಕವಲು ಕೊಳವೆಗಳು ಬಂದು ಸೇರುತ್ತವೆ. ಎಲೆಯ ನಡುನರಕ್ಕೆ ಪಕ್ಕದ ನರಗಳು ಸೇರುವ ಹಾಗೆ ಇದನ್ನು ಕಲ್ಪಿಸಿಕೊಳ್ಳಿ. ಕವಲನ್ನು ತುತ್ತತುದಿಯ ಮರಕ್ಕೆ ಉಂಗುರದಂತೆ ಸುತ್ತಿ, ಅಲ್ಲಿಂದ ಕೆಳಕ್ಕೆ ಎಳೆಯುತ್ತ ಬರುತ್ತಾರೆ. ಒಂದು ಮರದ ಎಡಕ್ಕೆ, ಮುಂದಿನದರ ಬಲಕ್ಕೆ, ಹೀಗೆ ಹಾವಿನ ನಡೆಯಲ್ಲಿ ಎಳೆದರೆ ಕೊಳವೆ ತನ್ನ ಬಿಗಿತದಿಂದಲೇ ನಿಲ್ಲುತ್ತದೆ. ಮರಕ್ಕೆ ಮೊಳೆ ಹೊಡೆಯುವ ಅಗತ್ಯ ಬೀಳುವುದಿಲ್ಲ. ಅಗಲದ ಕೊಳವೆಯಾದರೆ ಒಂದು ಕವಲಿಗೆ ಐದರಿಂದ ಹತ್ತು ತೂತು, ನೂರು ಅಡಿಯೊಳಗಿನ ಉದ್ದ. ಸಪುರ ಕೊಳವೆಯಾದರೆ 15ರಿಂದ 25 ತೂತು ಇರಬಹುದು. ಕಂಬ ತುಂಬಿರಬೇಕಾದರೆ ಅಷ್ಟು ರಸ ಬೇಕು. ಅದಕ್ಕೆ ಹೆಚ್ಚಾದರೆ ಕೊಳವೆಯ ಒಳಮೈಗೆ ರಸ ಉಜ್ಜುವ ತಡೆಯಿಂದ ಎಳೆತ ಕುಗ್ಗುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಒಂದು ಮರಕ್ಕೆ ಸಿಕ್ಕುವ ಎಳೆತ ಆ ಮರದ ಕೆಳಗೆ ಎಷ್ಟು ಇಳಿತವಿದೆ ಎಂಬುದನ್ನು ಅವಲಂಬಿಸಿದೆ, ಮೇಲೆ ಎಷ್ಟಿದೆ ಎಂಬುದನ್ನಲ್ಲ. ಆದುದರಿಂದ ಗುಡ್ಡದ ತುದಿಯ ಮರಕ್ಕೆ ಪೂರ್ಣ ಎಳೆತ; ತೊಟ್ಟಿಯ ಪಕ್ಕದ ಮರಕ್ಕೆ ಏನೂ ಇಲ್ಲ. ಮರಗಳೆಲ್ಲ ಮೇಲ್ಭಾಗದಲ್ಲಿದ್ದು ಅವುಗಳ ಕೆಳಗೆ ಬರಿಯ ಇಳಿಜಾರು ಉಳಿದಿರುವ ಗುಡ್ಡವೇ ಶ್ರೇಷ್ಠ. ಚಪ್ಪಟೆಯಾದ ನೆಲದ ತೋಪಿನಲ್ಲಿ ಸಪುರ ಕೊಳವೆ ಹಾಕಿ ಫಲವಿಲ್ಲ.

ಪ್ರತಿ ಮರದ ಬಳಿ 'ಟೀ' ಜೋಡಣೆಯಿಂದ ಎರಡೂವರೆ ಮೂರು ಅಡಿಯ ತುಂಡು ಕೊಳವೆ ಇಳಿಬಿಟ್ಟಿರುತ್ತದೆ. ಅದರ ತುದಿಗೆ ಮರಕ್ಕೆ ಸಿಕ್ಕಿಸುವ ಮೂತಿ. ತುಂಡು ಇಷ್ಟು ಉದ್ದವೇಕೆಂದರೆ, ಹೊಸ ತೂತನ್ನು ಪ್ರತಿವರ್ಷವೂ ಕಾಂಡದ ಬೇರೊಂದು ಮಗ್ಗುಲಿಗೆ ಕೊರೆಯಬೇಕು. ಆಗ ಕೊಳವೆ ಅಲ್ಲಿಯವರೆಗೆ ನಿಲುಕಬೇಕು. ಚಳಿಯಲ್ಲಿ ಪ್ಲಾಸ್ಟಿಕ್ ಸೆಟೆದು ಜೋಡಣೆಯ ಮೇಲೆ ಏರದು. ಅದಕ್ಕಾಗಿ ಥರ್ಮಾಸಿನಲ್ಲಿ ಬಿಸಿನೀರು ಒಯ್ದು, ತುದಿಯನ್ನು ಅದ್ದಿ, ಮೆತ್ತಗಾದೊಡನೆ ಸೇರಿಸುತ್ತಾರೆ.

ಮರಕ್ಕೆ ತೂತು ಕೊರೆಯುವುದು

ತೂತು ಕೊರೆಯುವುದು ಎಲ್ಲಕ್ಕೂ ಕೊನೆಯ ಕೆಲಸ, ರಸದ ಕಾಲ ಸಮೀಪಿಸಿದಾಗ. ಹರಿತವಾದ, ಶುಚಿಯಾದ ಬೈರಿಗೆಯಿಂದ 8 ಮಿಲಿಮೀಟರು ಅಗಲದ ತೂತನ್ನು ಒಂದೂವರೆಯಿಂದ ಎರಡು ಅಂಗುಲ ಆಳಕ್ಕೆ ಕೊರೆಯುತ್ತಾರೆ. ಹೊರಬರುವ ಪುಡಿ ಬೆಳ್ಳಗಿರಬೇಕು. ಕಂದು ಬಣ್ಣದ್ದು ಬಂದರೆ ಅಲ್ಲಿ ಹಳೆಯ ಗಾಯವಿದೆಯೆಂದು ತಿಳಿಯಬೇಕು. ಮೂತಿಯನ್ನು ಸುತ್ತಿಗೆಯಿಂದ ಮೆಲ್ಲನೆ ತಟ್ಟುತ್ತಾರೆ. ತಟ್ಟಿದ ಸದ್ದು ಗಡುಸಾದೊಡನೆ ನಿಲ್ಲಿಸಬೇಕು. ಬಲವಂತ ಮಾಡಿದರೆ ಮರ ಸೀಳಿ, ಸೀಳಿನಿಂದ ಗಾಳಿ ನುಗ್ಗುತ್ತದೆ.

ಮೇಪಲ್ ಮರ ತನ್ನ ಗಾಯವನ್ನು ವಾಸಿಮಾಡಿಕೊಳ್ಳುವ ರೀತಿ ನಮ್ಮದಲ್ಲ. ಗಾಯದ ಜಾಗವನ್ನು ಅದು ಒಳಗಿನಿಂದ ಗೋಡೆ ಕಟ್ಟಿ ಬೇರ್ಪಡಿಸುತ್ತದೆ. ತೂತಿನ ಮೇಲೂ ಕೆಳಗೂ ಒಂದು ಪಟ್ಟಿಯಷ್ಟು ದಾರು ಕಪ್ಪಾಗಿ ಸತ್ತುಹೋಗುತ್ತದೆ. ಅಲ್ಲಿ ಇನ್ನೆಂದೂ ರಸ ಹರಿಯದು. ಹೊರಗಿನಿಂದ ತೊಗಟೆ ಮುಚ್ಚಿ, ವರ್ಷ ವರ್ಷವೂ ಹೊಸ ದಾರು ಅದರ ಮೇಲೆ ಬೆಳೆಯುತ್ತ ಹೋಗುತ್ತದೆ. ಆದುದರಿಂದ ಮರ ಬೆಳೆಯುವ ವೇಗಕ್ಕಿಂತ ನಾವು ಕೊರೆಯುವ ವೇಗ ಹೆಚ್ಚಾಗಬಾರದು. ಒಂದಡಿಯಷ್ಟು ದಪ್ಪವಾಗುವವರೆಗೆ ಮರವನ್ನು ಮುಟ್ಟದಿರುವುದೇ ಮೇಲು. ಒಂದೂವರೆ ಅಡಿ ದಪ್ಪದವರೆಗೆ ಒಂದೇ ತೂತು. ಅದಕ್ಕೂ ದಪ್ಪವಾದರೆ ಎರಡು. ಈ ಮಿತಿಯಲ್ಲಿ ನಡೆದುಕೊಂಡರೆ ಒಂದೇ ಮರ ತಾತನ ಕಾಲದಿಂದ ಮೊಮ್ಮಗನ ಕಾಲದವರೆಗೂ ರಸ ಕೊಡುತ್ತದೆ. ಆಸೆಗೆ ಬಿದ್ದು ಹೆಚ್ಚು ಕೊರೆದವನಿಗೆ ಮುಂದೆ ಹೊಸ ತೂತಿಗೆ ಬಿಳಿಯ ದಾರುವೇ ಸಿಕ್ಕದೆ ಹೋಗುತ್ತದೆ.

ಕಾವಲು ತಪ್ಪದು

ಕೊಳವೆ ಬಂದಮೇಲೆ ಹೊರುವುದು ತಪ್ಪಿತು. ಆದರೆ ನಡೆಯುವುದು ತಪ್ಪಲಿಲ್ಲ. ರಸದ ಕಾಲದಲ್ಲಿ ರೈತ ದಿನವೂ ಕೊಳವೆಯ ಜಾಡಿನಲ್ಲಿ ಸುತ್ತಿ ಬರುತ್ತಾನೆ. ಅವನು ನೋಡುವುದು ಕೊಳವೆಯೊಳಗಿನ ಗುಳ್ಳೆಗಳನ್ನು. ನಿಧಾನವಾಗಿ, ಒಂದೇ ಸಮನೆ ಸಾಗುವ ಗುಳ್ಳೆ ಸಹಜ. ಅದು ಮರದೊಳಗಿನಿಂದಲೇ ಬಂದ ಗಾಳಿ. ಗುಳ್ಳೆಗಳು ಓಡೋಡುತ್ತ ಬಂದರೆ ಮೇಲೆಲ್ಲೋ ತೂತಿದೆ ಎಂದರ್ಥ. ಆ ಜಾಡು ಹಿಡಿದು ಮೇಲಕ್ಕೆ ಹೋದರೆ, ಮುರಿದುಬಿದ್ದ ಕೊಂಬೆಯೋ ಸಡಿಲಿಸಿದ ಮೂತಿಯೋ ಅಳಿಲಿನ ಹಲ್ಲಿನ ಗುರುತೋ ಸಿಕ್ಕುತ್ತದೆ.

ಅಳಿಲಿನ ಕಾಟ ಸಣ್ಣದಲ್ಲ. ಕೊಳವೆ ತೊಳೆಯಲು ಕೆಲವರು ಬಟ್ಟೆ ಬಿಳುಪು ಮಾಡುವ ಸೋಡಿಯಂಯುಕ್ತ ದ್ರಾವಣವನ್ನು ಬಳಸುತ್ತಿದ್ದರು. ಅದರಿಂದ ಉಳಿದ ಉಪ್ಪಿನ ರುಚಿಗೆ ಅಳಿಲುಗಳು ಮರುಳಾಗಿ ಕೊಳವೆಯನ್ನೇ ಕಡಿದುಹಾಕುತ್ತವೆ. ಆದುದರಿಂದ ಸೋಡಿಯಂ ಇಲ್ಲದ ಕ್ಲೋರಿನ್ ಪುಡಿಯನ್ನು ಬಳಸುವವರುಂಟು. ತೊಳೆಯದೆ ಬಿಡುವಂತೆಯೂ ಇಲ್ಲ. ಹಳೆಯ ಕೊಳವೆಯ ಒಳಮೈಯಲ್ಲಿ ಸೂಕ್ಷ್ಮಜೀವಿಗಳು ಲೋಳೆಯಾಗಿ ಕುಳಿತಿರುತ್ತವೆ. ಮರ ರಾತ್ರಿ ಒಳಕ್ಕೆ ಹೀರುವಾಗ ಕೊಳವೆಯ ರಸ ಮೂತಿಯ ಮೂಲಕ ಹಿಂದಕ್ಕೆ ಹೋದರೆ ಅವೂ ತೂತಿನೊಳಕ್ಕೆ ಹೋಗಿ ಅದನ್ನು ಬೇಗ ಮುಚ್ಚಿಹಾಕುತ್ತವೆ. ಸಪುರ ಕೊಳವೆಯ 'ಟೀ'ಗಳಲ್ಲಿ ಲೋಳೆ ಕಟ್ಟಿಕೊಂಡು ದಾರಿಯೇ ಮುಚ್ಚುವುದೂ ಉಂಟು. ಮೊದಲ ವರ್ಷ ಚೆನ್ನಾಗಿ ಹರಿದ ಕೊಳವೆ ಮೂರನೆಯ ವರ್ಷಕ್ಕೆ ಸೊರಗುವುದು ಇದರಿಂದಲೇ. ವರ್ಷಕ್ಕೊಮ್ಮೆ ಹೊಸ ಮೂತಿ, ಕಾಲಕಾಲಕ್ಕೆ ಹೊಸ ತುಂಡು ಕೊಳವೆ, ಋತು ಮುಗಿದೊಡನೆ ತೊಳೆತ, ಇವನ್ನು ಬಿಡುವಂತಿಲ್ಲ.

ಮರದಲ್ಲಿ ಮೊಗ್ಗು ಉಬ್ಬಿದಾಗ ಋತು ಮುಗಿಯಿತು. ಆಗಿನ ರಸದ ಪಾಕಕ್ಕೆ ಒಗರು ವಾಸನೆ ಬರುತ್ತದೆ. ಮೂತಿಗಳನ್ನು ತಪ್ಪದೆ ಕಿತ್ತು, ತೂತನ್ನು ಮರದ ಪಾಲಿಗೆ ಬಿಟ್ಟುಬಿಡಬೇಕು.

ತೊಟ್ಟಿಯಿಂದ ಪಾಕದವರೆಗೆ

ತೊಟ್ಟಿ ಸೇರಿದ ರಸವನ್ನು ಅಂದಂದೇ 'ಸಕ್ಕರೆಮನೆ'ಗೆ ಒಯ್ದು, ಅಗಲವಾದ ತಟ್ಟೆಬಾನಿಗಳಲ್ಲಿ ಕಾಯಿಸುತ್ತಾರೆ. ಸೌದೆಯ ಉರಿ, ಮಾಡಿನ ಕಂಡಿಯಿಂದ ಏಳುವ ಬಿಳಿಯ ಆವಿ, ನೊರೆ ತೆಗೆಯುವ ಜಾಲರಿ, ಎಲ್ಲವೂ ನಮ್ಮ ಆಲೆಮನೆಯನ್ನೇ ನೆನಪಿಗೆ ತರುತ್ತವೆ. ನೀರು ಕುದಿಯುವ ಮಟ್ಟಕ್ಕಿಂತ ಸುಮಾರು 4 ಸೆಂಟಿಗ್ರೇಡ್ ಹೆಚ್ಚು ಕಾವೇರಿದಾಗ ಹದ ಬಂತೆಂದು ಇಳಿಸುತ್ತಾರೆ. ನಮ್ಮ ಗೃಹಿಣಿಯರ ಮಾತಿನಲ್ಲಿ ಹೇಳುವುದಾದರೆ ಅದು ಒಂದೆಳೆ ಪಾಕಕ್ಕೆ ಹತ್ತಿರದ ಹದ. ದೊಡ್ಡ ತೋಪುಗಳಲ್ಲಿ ಈಗ ಎಳೆತಕ್ಕೆ ವಿದ್ಯುತ್ ಪಂಪುಗಳೂ, ಕಾಯಿಸುವ ಮೊದಲೇ ರಸದಿಂದ ನೀರನ್ನು ಬೇರ್ಪಡಿಸುವ ಯಂತ್ರಗಳೂ ಬಂದಿವೆ. ಆದರೆ ಪಂಪಿದ್ದರೂ ಇಳಿಜಾರನ್ನು ಮರೆತವನಿಗೆ ರಸ ಸಿಕ್ಕದು. ಪಂಪು ಗಾಳಿಯನ್ನು ಹೊರತೆಗೆಯುತ್ತದೆ. ರಸವನ್ನು ಕೆಳಕ್ಕೆ ತರುವುದು ವಾಟವೇ.

ಮಲೆನಾಡಿನ ಮನೆಗಳನ್ನು ಬಲ್ಲವರಿಗೆ ಈ ವಿದ್ಯೆ ಅಷ್ಟೇನೂ ದೂರದ್ದೆನಿಸದು. ಗುಡ್ಡದ ಮೇಲಿನ ಒರತೆಯಿಂದ 'ಅಬ್ಬಿ ನೀರು' ಹಗಲೂ ರಾತ್ರಿ ಮನೆಯ ಹಿತ್ತಿಲಿಗೆ ಬಂದು ಬೀಳುವುದನ್ನು ಅವರು ಕಂಡಿದ್ದಾರೆ. ಹಿಂದೆ ಅಡಿಕೆ ಮರವನ್ನು ಸೀಳಿ, ತಿರುಳು ತೆಗೆದು ಮಾಡಿದ ದಂಬೆಯಲ್ಲಿ. ಈಚೆಗೆ ಕಪ್ಪು ಪ್ಲಾಸ್ಟಿಕ್ ಕೊಳವೆಯಲ್ಲಿ. ಅಲ್ಲಿಯೂ ಎಲೆ ಕಟ್ಟಿಕೊಂಡಿತೆ, ಕೊಳವೆ ಜೋಲಿತೆ, ನಡುವೆ ಗಾಳಿ ಹಿಡಿಯಿತೆ ಎಂದು ಗುಡ್ಡ ಹತ್ತಿ ನೋಡಿಬರುವ ಕೆಲಸ ಮನೆಯವರಿಗೆ ತಪ್ಪಿದ್ದಲ್ಲ. ಮಣ್ಣು ಬೇರೆ, ಹವೆ ಬೇರೆ. ನೀರಿನ ನಡೆ ಮಾತ್ರ ಎಲ್ಲೆಡೆಯೂ ಒಂದೇ.

ಇನ್ನು ಮುಂದೆ ಎಂದಾದರೂ ಅಂಗಡಿಯ ಕಪಾಟಿನಲ್ಲಿ ಮೇಪಲ್ ಪಾಕದ ಸೀಸೆ ಕಂಡರೆ, ಅದರ ಬೆಲೆ ನೋಡಿ ಹುಬ್ಬೇರಿಸುವ ಮೊದಲು ಈ ಲೆಕ್ಕವನ್ನು ನೆನೆಯಿರಿ. ಅರ್ಧ ಲೀಟರಿನ ಒಂದು ಸೀಸೆಗೆ ಇಪ್ಪತ್ತು ಲೀಟರಿಗೂ ಹೆಚ್ಚು ರಸ. ಅದನ್ನು ಹೊರಹಾಕಲು ಒಂದು ಹಿಮದ ರಾತ್ರಿ, ಒಂದು ಬಿಸಿಲಿನ ಹಗಲು. ಅದನ್ನು ಕೆಳಗೆ ತರಲು ಶರತ್ತಿನಲ್ಲಿ ಒಬ್ಬ ರೈತ ರಸಮಟ್ಟ ಹಿಡಿದು ಅಡಿ ಅಡಿಗೂ ಅಳೆದು ಬಿಗಿದ ಕೊಳವೆ. ಚಳಿ ಬಿಸಿಲುಗಳು ಅವನ ಕೈಯಲ್ಲಿಲ್ಲ. ಚಳಿಗಾಲಗಳು ಬೆಚ್ಚಗಾಗುತ್ತಿರುವ ಈ ದಿನಗಳಲ್ಲಿ ರಸ ಹಿಂದಿನ ಕಾಲಕ್ಕಿಂತ ಬೇಗ ಹರಿಯತೊಡಗುವುದನ್ನೂ ಅವನು ಕಾಣುತ್ತಿದ್ದಾನೆ. ಅವನ ಕೈಯಲ್ಲಿರುವುದು ಕೊಳವೆಯ ವಾಟ, ಅದರ ಬಿಗಿ, ಮತ್ತು ಮರದ ಮೇಲೆ ಇನ್ನೊಂದು ತೂತು ಕೊರೆಯದೆ ಕೈ ಹಿಡಿಯುವ ಸಂಯಮ. ಇವು ಮೂರೂ ಇದ್ದರೆ ಉಳಿದ ಕೆಲಸವನ್ನು ಗುಡ್ಡವೇ ಮಾಡಿಕೊಡುತ್ತದೆ.